ಬರೆದು ಕೊಡಬೇಡಿ ಎಂದ ಮನಿ ಕಾಕಿ

ಹಿಂದಿನ ಖೋಲಿಯ ಬೀಗ ತೆಗೆದದ್ದೇ ತಡ, ವಾಸನೆ ಹೊರಗೆ ಬಂತು. ಹಳೆಯ ಸುಣ್ಣ, ಖಾಲಿ ಗೋಣಿಚೀಲ, ಬಹಳ ದಿನ ಬಿಸಿಲು ಕಾಣದ ನೆಲದ ಫರ್ಸಿಕಲ್ಲು. ವಾಡಿ ಊರಿನಲ್ಲಿ ಬೀಗ ಹಾಕಿಟ್ಟ ಮನೆಗಳೆಲ್ಲ ಹೀಗೇ ನಾರುತ್ತವೆ. ನಮ್ಮ ಸೀನಿಯರ್ ಮೂಗಿಗೆ ಕರವಸ್ತ್ರ ಹಿಡಿದರು. ನಾನು ಹಿಡಿಯಲಿಲ್ಲ. ಆ ವಾಸನೆಯ ಜೊತೆ ಒಬ್ಬ ಹೆಂಗಸು ಬಾಗಿಲಲ್ಲಿ ಬಂದು ನಿಂತಂತಾಯಿತು, ಸೊಂಟಕ್ಕೆ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡು...

ನಾನು ಚಿತ್ತಾಪುರದ ಕೋರ್ಟಿನಲ್ಲಿ ಕಿರಿಯ ವಕೀಲೆ. ಫೈಲು ಹೊರುವವಳು ಎಂದರೂ ನನ್ನ ಆಕ್ಷೇಪವಿಲ್ಲ. ಆ ದಿನ ವಾಡಿಗೆ ಹೋದದ್ದು ಒಂದು ಖೋಲಿಯ ಜಗಳಕ್ಕೆ. ಮನೆಯ ಮಾಲೀಕ ನಮ್ಮ ಕಕ್ಷಿದಾರ. ಮನೆ ಬಾಡಿಗೆಗೆ ಕೊಟ್ಟಿದ್ದೇನೆ, ಹಿಂದಿನ ಖೋಲಿ ಕೊಟ್ಟಿಲ್ಲ ಎಂದು ಅವರ ವಾದ. ಖೋಲಿ ಸೇರಿಸಿಯೇ ಬಾಡಿಗೆಗೆ ಬಂದಿದ್ದೇನೆ ಎಂದು ಬಾಡಿಗೆದಾರನ ವಾದ. ದಾವೆ ಹೂಡುವ ಮೊದಲು ಒಮ್ಮೆ ಜಾಗ ನೋಡಿ, ಸಾಧ್ಯವಾದರೆ ರಾಜಿ ಮಾಡಿಸಿ ಬರೋಣ ಎಂದು ಸೀನಿಯರ್ ಹೊರಟಿದ್ದರು.

"ಕರಾರುಪತ್ರ ಎಲ್ಲದ?" ಎಂದು ಅವರು ಕೇಳಿದರು.

ಮಾಲೀಕ, ಬಾಡಿಗೆದಾರ ಇಬ್ಬರೂ ಒಂದೇ ಉಸಿರಿಗೆ ಹೇಳಿದರು: "ಕಾಗದ ಇಲ್ರಿ. ಮನಿ ಕಾಕಿ ಮಾತಾಡಿ ಕೊಡ್ಸ್ಯಾಳ."

ಅಷ್ಟು ಹೊತ್ತು ಜಗಳವಾಡಿದವರು ಒಪ್ಪಿಕೊಂಡದ್ದು ಇದೊಂದನ್ನೇ.

ಮನಿ ಕಾಕಿ ನಮಗೆ ಸಂಬಂಧಿಕರಲ್ಲ. ಯಾರಿಗೂ ಅಲ್ಲ. ಸಿಮೆಂಟು ಕಾರ್ಖಾನೆಗೆ, ರೈಲ್ವೆಗೆ, ಕಲ್ಲಿನ ಖಣಿಗಳಿಗೆ ಕೆಲಸಕ್ಕೆಂದು ಬಂದು ಇಳಿದವರಿಗೆ ವಾಡಿಯಲ್ಲಿ ಬಾಡಿಗೆ ಮನೆ ತೋರಿಸುವುದು ಅವರ ಕಸುಬು. ಗಂಡ ತೀರಿಕೊಂಡ ಮೇಲೆ ಹಿಡಿದ ಕಸುಬಂತೆ. ನಾವು ಸೇಡಂನಿಂದ ಬಂದಾಗ ನಾನು ಇನ್ನೂ ಶಾಲೆಯಲ್ಲಿದ್ದೆ. ನಮಗೆ ಮನೆ ಹುಡುಕಿ ಕೊಟ್ಟವರೂ ಅವರೇ. ಮೂರು ಮನೆಗಳ ಬೀಗ ತೆಗೆದು ತೋರಿಸಿದರು. ನಾಲ್ಕನೆಯದರಲ್ಲಿ ನಮ್ಮಪ್ಪ ಇದೇ ಆಗಲಿ ಎಂದಾಗ ಅವರು ಒಪ್ಪಲಿಲ್ಲ.

"ಅವಸರ ಮಾಡಬ್ಯಾಡ್ರಿ. ಕುಂದ್ರಿ. ಸುರಂಗ ಹಾರೋತನಕ ಕುಂದ್ರಿ."

ಮಧ್ಯಾಹ್ನ ಖಣಿಯಲ್ಲಿ ಬಂಡೆ ಸಿಡಿಸುವ ಸುರಂಗ ಹಾರಿತು. ಮನೆ ಒಮ್ಮೆ ನಡುಗಿ ಅಟ್ಟದಿಂದ ಮಣ್ಣು ಉದುರಿತು. ಕಾಕಿ ಗೋಡೆಗಳನ್ನು ಒಂದು ಸುತ್ತು ನೋಡಿ, ಅಮ್ಮನ ಮುಖವನ್ನೂ ನೋಡಿ, "ಅಂಜಲಿಲ್ಲಲ್ಲ? ಹಂಗಾದ್ರ ಇರ್ರಿ" ಎಂದರು. ಮನೆ ತೋರಿಸುವವರು ಮನೆಯ ಕುಂದನ್ನು ಮೊದಲು ತೋರಿಸುವುದು ವ್ಯಾಪಾರದ ದೃಷ್ಟಿಯಿಂದ ಮೂರ್ಖತನ ಎಂದು ನಾನು ಅಲ್ಲೇ ಹೇಳಿದೆ. ಅಮ್ಮ ಚಿವುಟಿದರು. ಕಾಕಿ ನಕ್ಕು, "ಏನ್ ವಕೀಲ್ ಸಾಬ್, ಬಂದ ದಿನಾನೇ ಕೇಸ್ ಹಾಕ್ತೀರಿ?" ಎಂದರು. ಅಂದಿನಿಂದ ನಾನು ಅವರಿಗೆ ವಕೀಲ್ ಸಾಬ್. ನನ್ನ ಹೆಸರು ಅವರಿಗೆ ಗೊತ್ತಿತ್ತೋ ಇಲ್ಲವೋ, ಈಗ ಅನುಮಾನ.

ಅವರ ಕಸುಬಿಗೆ ಒಂದು ಪದ್ಧತಿಯಿತ್ತು. ಏನನ್ನೂ ಬರೆಯುವಂತಿಲ್ಲ. ಮಾಲೀಕನನ್ನೂ ಬಾಡಿಗೆದಾರನನ್ನೂ ಎದುರುಬದುರು ಕೂರಿಸಿ, ನೀರು ಯಾರದು, ಲೈಟಿನ ಬಿಲ್ಲು ಯಾರದು, ಅಂಗಳದ ಬೇವಿನ ಗಿಡದ ಕಟ್ಟಿಗೆ ಯಾರದು ಎಂದು ಎಲ್ಲವನ್ನೂ ಗಟ್ಟಿಯಾಗಿ ಹೇಳಿಸುತ್ತಿದ್ದರು. ಆಮೇಲೆ ಚಹಾ. ಮುಗಿಯಿತು. ಮಾಲೀಕರನ್ನು ಹೊರಗೆ ಕರೆದು ಹೇಳುವ ಮಾತು ಒಂದೇ: "ಬರದು ಕೊಡಬ್ಯಾಡ್ರಿ. ಕಾಗದ ಕೊಟ್ರ ನಾಳಿ ಮನಿ ಬಿಡಾಕ ಒಲ್ಲೆ ಅಂತಾರ. ನಾ ಅದೀನಲ್ಲ." ಬಾಡಿಗೆದಾರರಿಗೂ ಹೇಳುತ್ತಿದ್ದರು: "ಕಾಗದ ಯಾಕ ಬೇಕು? ಯಾರರ ಹೊರಗ ಹಾಕ್ಲಿಕ್ಕೆ ಬಂದ್ರ ನನ್ನ ಕರೀರಿ." ಮತ್ತು ಕರೆದರೆ ನಿಜಕ್ಕೂ ಬರುತ್ತಿದ್ದರು. ಬೀಗದ ಕೈ ಗೊಂಚಲಿನ ಸದ್ದು ಕೇಳಿದರೆ ಅರ್ಧ ಜಗಳ ತಣ್ಣಗಾಗುತ್ತಿತ್ತು.

ನಾನು ಪದವಿ ಮುಗಿಸುವ ಹೊತ್ತಿಗೆ ವಾಡಿ ಬದಲಾಗತೊಡಗಿತ್ತು. ಚಿತ್ತಾಪುರದ ರಸ್ತೆಗೆ ಲೇಔಟುಗಳು ಬಂದವು, ಅವುಗಳ ಜೊತೆ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಏಜೆಂಟರು. ನೋಂದಣಿಯಾದ ಲೇಔಟಿನ ಪ್ಲಾಟು ಮಾರಬೇಕಾದರೆ ಏಜೆಂಟನೂ ನೋಂದಣಿ ಮಾಡಿಸಿರಬೇಕು ಎಂದು ಕಾಯ್ದೆ ಹೇಳುತ್ತದೆ. ಅದನ್ನು ಎಲ್ಲರೂ ಲೈಸೆನ್ಸ್ ಎನ್ನುತ್ತಿದ್ದರು. ಏಜೆಂಟರು ಸೇರಿ ಸಂಘ ಕಟ್ಟಿದರು. ಹೊರಗಿನಿಂದ ಬಂದ ಗುತ್ತಿಗೆದಾರರು ಕೆಲಸಗಾರರಿಗೆ ಮನೆ ಬೇಕಾದರೆ ಸಂಘಕ್ಕೇ ಫೋನು ಮಾಡತೊಡಗಿದರು. ಮನಿ ಕಾಕಿ ಸ್ಟೇಷನ್ನಿನ ಎದುರು ಕಾಯುತ್ತಿದ್ದರು. ರೈಲು ಇಳಿದವರು ಮೊಬೈಲು ನೋಡಿಕೊಂಡು ಅವರನ್ನು ದಾಟಿ ಹೋಗುತ್ತಿದ್ದರು.

ಒಂದು ದಿನ ಮನೆಗೆ ಬಂದರು. ಗೋಡೆಗೆ ಒರಗಿ ಕೂತು, ಅಮ್ಮನಿಗೆ ಕೇಳಿಸದಂತೆ ನನಗೆ ಹೇಳಿದರು: "ವಕೀಲ್ ಸಾಬ್, ಚರ್ಚಾಸ್ಪರ್ಧಾದಾಗ ಕಪ್ ಗೆದ್ದು ಗೆದ್ದು ಶೋಕೇಸಿನಾಗ ಇಟ್ಟೀರಿ. ಸಂಘದಾಗ ನನ್ನೂ ಸೇರ್ಸ್ಕೊಳ್ರಿ ಅಂತ ಒಂದ್ ಸಲ ನನ್ನ ಕಡಿಂದ ಮಾತಾಡ್ರಿ."

ಸಂಘದ ಸಭೆ ಒಂದು ಅಂಗಡಿಯ ಮಹಡಿಯ ಮೇಲೆ. ನಾನು ಕಾಯ್ದೆ ಓದಿಕೊಂಡು ಹೋಗಿದ್ದೆ. ಓದಿಕೊಂಡು ಬಂದವಳು ನಾನೊಬ್ಬಳೇ ಎಂದು ಐದು ನಿಮಿಷದಲ್ಲಿ ಗೊತ್ತಾಯಿತು. ಅಧ್ಯಕ್ಷರು ಕಾಕಿಯನ್ನು ನೋಡಿ ಕೇಳಿದರು: "ಕಾಕಿ, ನಿಮ್ಮದು ಎಷ್ಟು ಓದಾಗ್ಯಾದ?"

"ನಾಲ್ಕನೇತ್ತಾ."

"ನಾಲ್ಕನೇತ್ತಾ ಓದಿದವರು ಏಜೆಂಟ್ ಆಗ್ಲಿಕ್ಕೆ ಬರ್ತದೇನ್ರಿ?"

"ಎಲ್ಲಿ ಬರದದ್ರಿ ಬರಂಗಿಲ್ಲಂತ?" ಎಂದು ನಾನು ಎದ್ದೆ. "ಅರ್ಜಿಯೊಳಗ ಪ್ಯಾನ್ ಕಾರ್ಡ್ ಕೇಳ್ಯಾರ, ಫೋಟೋ ಕೇಳ್ಯಾರ, ಆಫೀಸಿನ ವಿಳಾಸ ಕೇಳ್ಯಾರ. ಎಷ್ಟನೇತ್ತಾ ಅಂತ ಕೇಳಿಲ್ಲ."

"ಬಾಜೂ ರಾಜ್ಯದಾಗ ಪರೀಕ್ಷಾ ಇಟ್ಟಾರವ್ವ."

"ಅಲ್ಲಿಯವ್ರು ಬರೀತಾರ. ನೀವು ಬರದೀರೇನ್ರಿ?"

ಸಭೆ ನಕ್ಕಿತು. ನನಗೆ ಅಷ್ಟು ಸಾಕಾಗಿತ್ತು, ಇನ್ನೂ ಮುಂದೆ ಹೋದೆ. ಹಳೆಯ ಮನೆಗಳನ್ನು ಬಾಡಿಗೆಗೆ ಕೊಡಿಸಲು ಲೈಸೆನ್ಸೇ ಬೇಕಿಲ್ಲ ಎಂದೆ. ಅಧ್ಯಕ್ಷರು ಅಲ್ಲೇ ಹಿಡಿದರು: "ಹಂಗಾದ್ರ ಆಕಿಗಿ ನಮ್ಮ ಸಂಘ ಯಾಕ ಬೇಕು?"

ಚರ್ಚಾಸ್ಪರ್ಧೆಯ ಲೆಕ್ಕದಲ್ಲಿ ಅದು ಒಳ್ಳೆಯ ಮರುಪ್ರಶ್ನೆ. ನಾನು ಉತ್ತರ ಜೋಡಿಸುವಷ್ಟರಲ್ಲಿ ಕಾಕಿಯೇ ಎದ್ದು ನಿಂತರು.

"ಇಷ್ಟು ವರ್ಷ ವಾಡ್ಯಾಗ ಮನಿ ತೋರ್ಸೀನ್ರಿ. ಈಗ ನೀವು ಕುಂತಲ್ಲಿ ನಾ ಇಲ್ಲಂದ್ರ, ನಾ ಯಾರು?"

ಈ ಸಲ ಯಾರೂ ನಗಲಿಲ್ಲ. ಅಧ್ಯಕ್ಷರು ದುಷ್ಟರೇನಲ್ಲ. ಕೊರಳ ಚೀಟಿಯನ್ನು ತಿರುವುತ್ತಾ, "ಆಯ್ತ್ ಕಾಕಿ. ಲೈಸೆನ್ಸ್ ಮಾಡ್ಸ್ಕೊಂಡ್ ಬರ್ರಿ, ಮೆಂಬರ್ ಮಾಡ್ತೀವಿ" ಎಂದರು. ಮೆಟ್ಟಿಲು ಇಳಿಯುವಾಗ ಕಾಕಿ ನನ್ನ ಹೆಗಲು ಹಿಡಿದುಕೊಂಡಿದ್ದರು. ಗೆದ್ದೆವು ಎಂದೇ ಇಬ್ಬರೂ ತಿಳಿದಿದ್ದೆವು.

ಪ್ಯಾನ್ ಕಾರ್ಡ್ ಮಾಡಿಸಿದೆವು. ಫೋಟೋ ತೆಗೆಸಿದೆವು, ಸೆರಗು ಹೊದ್ದು, ತುಟಿ ಬಿಗಿ ಹಿಡಿದು, ಯಾರದೋ ಮೇಲೆ ಸಿಟ್ಟಾದವರ ಹಾಗೆ ಬಂದಿತ್ತು. ಉಳಿದದ್ದು ಆಫೀಸಿನ ವಿಳಾಸಕ್ಕೆ ಪುರಾವೆ. ಆಧಾರ್ ಕಾರ್ಡಿನಲ್ಲಿ ಅವರ ತಮ್ಮನ ಊರು ಸುಲೇಪೇಟ ಇತ್ತು. ಅದನ್ನೇ ಹಾಕಿಬಿಡೋಣ ಎಂದೆ.

"ಸುಲೇಪೇಟದಾಗ ನಾ ಒಂದ್ ಮನೀನೂ ತೋರ್ಸಿಲ್ಲ. ಸುಳ್ಳು ಯಾಕ ಬರೀತೀರಿ?"

ಹಾಗಾದರೆ ವಾಡಿಯಲ್ಲಿ ಅವರಿದ್ದ ಖೋಲಿಯ ಮಾಲೀಕರಿಂದ ಬಾಡಿಗೆ ಪತ್ರ ಬರೆಸಬೇಕು. ಆ ಖೋಲಿ ಕಾಳಿನ ವ್ಯಾಪಾರ ಮಾಡುವ ಸಾಹುಕಾರರದು. ಅವರ ಅಡತಿ ಅಂಗಡಿಯ ಹಿಂದೆಯೇ ಕಾಕಿ ಎಷ್ಟೋ ವರ್ಷ ಇದ್ದರು. ಸಾಹುಕಾರರು ಹಣೆಯ ತುಂಬ ವಿಭೂತಿ ಹಚ್ಚುವ, ದಾಸೋಹಕ್ಕೆ ಕೈ ಬಿಚ್ಚಿ ಕೊಡುವ ಮನುಷ್ಯ. "ಶರಣ್ರಿ ಕಾಕಿ, ಬರ್ರಿ, ಕುಂದ್ರಿ" ಎಂದು ಚಹಾ ತರಿಸಿದರು. ನಾನು ವಿಷಯ ಹೇಳಿದೆ. ಅವರು ಬಸಿಗೆ ಸುರಿದುಕೊಂಡಿದ್ದ ಚಹಾ ಮುಗಿಸಿ ಕಪ್ಪು ಕೆಳಗಿಟ್ಟರು.

"ಕಾಕಿ, ಖೋಲಿ ನಿಮ್ದೇ ಅಂತ ತಿಳೀರಿ. ಎಷ್ಟು ದಿನ ಇರ್ತೀರಿ ಇರ್ರಿ. ಬರದು ಮಾತ್ರ ಕೇಳಬ್ಯಾಡ್ರಿ. ಬರದು ಕೊಡಬ್ಯಾಡ್ರಿ ಅಂತ ನೀವೇ ನಮಗ ಹೇಳೀರಿ."

ಅದರಲ್ಲಿ ಕುಹಕವಿರಲಿಲ್ಲ. ಗುರುವಿನ ಮಾತನ್ನು ಗುರುವಿಗೆ ಒಪ್ಪಿಸುವ ಶಿಷ್ಯನ ಹಾಗೆ, ತುಸು ಹೆಮ್ಮೆಯಿಂದಲೇ ಹೇಳಿದರು. ನಾನು ವಾದಕ್ಕೆ ಇಳಿದೆ. ಹನ್ನೊಂದು ತಿಂಗಳ ಪತ್ರದಿಂದ ಮಾಲೀಕರಿಗೆ ನಷ್ಟವಿಲ್ಲ, ರಕ್ಷಣೆಯೇ ಹೆಚ್ಚು, ಎಂದೆ. ಮೊಣಕೈಗೆ ಕಾಕಿಯ ಕೈ ತಾಗಿತು.

"ಅವ್ರು ಹೇಳೋದು ಖರೇ ಅದ. ನಾನೇ ಹೇಳೀನಿ" ಎಂದು ಎದ್ದರು.

ಮತ್ತೆ ಎರಡು ಕಡೆ ಹೋದೆವು, ಯಾರಾದರೂ ಒಂದು ಮೂಲೆ ಆಫೀಸಿಗೆಂದು ಬರೆದುಕೊಟ್ಟಾರೆಂದು. ಎರಡೂ ಕಡೆ ಚಹಾ ಕೊಟ್ಟರು. ಎರಡೂ ಕಡೆ ಅದೇ ಮಾತು, ಅದೇ ಕ್ರಮದಲ್ಲಿ, ಕಾಕಿ ಕಲಿಸಿದ ಹಾಗೆಯೇ. ಊರಿಡೀ ಅವರ ಪಾಠವನ್ನು ಬಾಯಿಪಾಠ ಮಾಡಿಕೊಂಡಿತ್ತು.

ಹಿಂದಿರುಗುವ ದಾರಿಯಲ್ಲಿ ನಾನು ಬಿಡಲಿಲ್ಲ. ನೀವು ಹೇಳಿದ್ದು ತಪ್ಪಾಗಿತ್ತು ಎಂದು ಮಾಲೀಕರಿಗೆ ಹೇಳಿ, ಕಾಗದ ಮಾಡಿಸುವುದೇ ಒಳ್ಳೆಯದು ಎನ್ನಿ, ನಿಮ್ಮ ಮಾತು ನಡೆಯುತ್ತದೆ, ಎಂದೆ. ರೈಲ್ವೆ ಗೇಟು ಹಾಕಿತ್ತು. ಕಾಕಿ ಸಿಮೆಂಟಿನ ಗೂಡ್ಸಿನ ಡಬ್ಬಿಗಳನ್ನು ನೋಡುತ್ತಾ ನಿಂತರು.

"ನನ್ನ ಮಾತು ತಪ್ಪು ಅಂತ ನಾನೇ ಅಂದ್ರ, ಇಷ್ಟು ಮನ್ಯಾಗ ಆ ಮಾತಿನ ಮ್ಯಾಲೆ ಮಂದಿ ಕುಂತಾರಲ್ಲ, ಅವ್ರು ಏನ್ ಮಾಡಬೇಕು? ಒಬ್ಬಾಕಿ ಲೈಸೆನ್ಸಿಗೋಸ್ಕರ ಎಲ್ಲಾರ ಬುಡ ಅಳ್ಳಾಡಸ್ಲೇನು?"

"ನೀವು ಇರೋತನಕ ಸರಿ. ನೀವು ಇಲ್ಲಂದ ದಿನ?"

ಗೇಟು ತೆರೆಯಿತು, ಜನ ನುಗ್ಗಿದರು, ಮಾತು ಅಲ್ಲೇ ನಿಂತಿತು...

ಅರ್ಜಿ ಹೋಗಲಿಲ್ಲ. ಸಂಘದಲ್ಲಿ ಕುರ್ಚಿ ಸಿಗಲಿಲ್ಲ. ಸ್ವಲ್ಪ ದಿನ ಸ್ಟೇಷನ್ನಿನ ಎದುರು ನಿಂತರು. ಆಮೇಲೆ ಮಾಲೀಕರು ಒಬ್ಬೊಬ್ಬರೇ ಬಂದು ತಮ್ಮ ತಮ್ಮ ಮನೆಯ ಬೀಗದ ಕೈ ಇಸಿದುಕೊಂಡು ಹೋದರು, ಯಾರೂ ಸಿಟ್ಟಿನಿಂದಲ್ಲ. ಸಂಘದವರು ಕೇಳಾಕತ್ತಾರ ಕಾಕಿ, ಎನ್ನುತ್ತಿದ್ದರಂತೆ. ನಾನು ಕಾನೂನು ಓದಲು ಕಲಬುರಗಿಗೆ ಹೋದೆ. ರಜೆಗೆ ಬಂದಾಗ ಅಮ್ಮ ಹೇಳಿದರು, ಕಾಕಿ ತಮ್ಮನ ಊರಿಗೆ ಹೋದರೆಂದು. ಹೋಗುವಾಗ ನಮ್ಮ ಮನೆಗೂ ಬಂದು ಗೋಡೆಗಳನ್ನು ಒಂದು ಸುತ್ತು ನೋಡಿ, ನೀರು ಕುಡಿದು ಹೋದರಂತೆ.

ಸುಲೇಪೇಟಕ್ಕೆ ಒಮ್ಮೆ ಹೋಗಿದ್ದೆ, ಚಿಂಚೋಳಿಯ ಕಡೆ ಗೆಳತಿಯ ಮದುವೆಗೆ ಹೋದವಳು ಬಸ್ಸಿನಿಂದ ನಡುವೆ ಇಳಿದು. ಕಾಕಿ ತಮ್ಮನ ಮನೆಯ ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತಾ ಕೂತಿದ್ದರು. ತಮ್ಮ, ತಮ್ಮನ ಹೆಂಡತಿ ಒಳ್ಳೆಯವರು, ಊಟಕ್ಕೆ ಕಡಿಮೆಯಿರಲಿಲ್ಲ. ಸೊಂಟದಲ್ಲಿ ಗೊಂಚಲು ಇರಲಿಲ್ಲವಾದ್ದರಿಂದಲೋ ಏನೋ, ಸಣ್ಣಗೆ ಕಂಡರು. ಹೇಗಿದ್ದೀರಿ ಎಂದೆ.

"ಇಲ್ಲಿ ಎಲ್ಲಾರಿಗೂ ಮನಿ ಅದಾವ, ವಕೀಲ್ ಸಾಬ್. ನನ್ನ ಯಾರು ಕೇಳ್ತಾರ?"

ಬಸ್ಸಿನ ತನಕ ಬಂದರು. ದಾರಿಯಲ್ಲಿ ಸಿಕ್ಕವರು ಯಾರೂ ಅವರನ್ನು ಮಾತಾಡಿಸಲಿಲ್ಲ. ವಾಡಿಯಲ್ಲಿ ಅವರ ಜೊತೆ ಹತ್ತು ಹೆಜ್ಜೆ ನಡೆಯಬೇಕಾದರೆ ಅರ್ಧ ಗಂಟೆ ಬೇಕಿತ್ತು.

ಅವರು ಹೇಳಿದ್ದು ತಪ್ಪು ಎಂದೇ ನಾನು ಇಂದಿಗೂ ವಾದಿಸುತ್ತೇನೆ. ವಾಡಿಯ ಇಂಥ ಜಗಳಗಳು ನಮ್ಮ ಆಫೀಸಿಗೆ ಈಗ ಮೇಲಿಂದ ಮೇಲೆ ಬರುತ್ತವೆ. ಕಾಗದವಿಲ್ಲ, ಎರಡೂ ಕಡೆಯವರು ಪ್ರಾಮಾಣಿಕರು, ಎರಡೂ ಕಡೆಯವರಿಗೆ ಕಾಕಿ ಹೇಳಿದ್ದು ಬೇರೆ ಬೇರೆಯಾಗಿ ನೆನಪಿದೆ. ಇದಕ್ಕೆ ನನ್ನ ಬಳಿ ಒಳ್ಳೆಯ ವಾದವಿದೆ. ಅದನ್ನು ಯಾರ ಎದುರು ಮಂಡಿಸಬೇಕೋ ಅವರೊಬ್ಬರೇ ಎದುರಿಗಿಲ್ಲ.

ಆ ದಿನ ಖೋಲಿಯ ಬಾಗಿಲಲ್ಲಿ ಸೀನಿಯರ್, "ಆ ಹೆಂಗಸು ಎಲ್ಲದಾಳ? ಕರಸ್ರಿ, ಆಕಿ ಹೇಳಿದ್ರ ಇಲ್ಲೇ ಮುಗೀತದ" ಎಂದರು. ಮಾಲೀಕ ಒಪ್ಪಿದರು. ಬಾಡಿಗೆದಾರನೂ, "ಕಾಕಿ ಖೋಲಿ ಇಲ್ಲಂದ್ರ ಈಗ ಖಾಲಿ ಮಾಡ್ತೀನ್ರಿ" ಎಂದ. ಸುಲೇಪೇಟದ ತಮ್ಮನ ನಂಬರು ನನ್ನ ಹತ್ತಿರ ಇತ್ತು. ಅಂಗಳಕ್ಕೆ ಬಂದು ಫೋನು ಹಚ್ಚಿದೆ.

"ಅಕ್ಕ ತೀರ್ಕೊಂಡ್ ಭಾಳ ದಿನ ಆಯ್ತವ್ವ" ಎಂದರು ತಮ್ಮ. "ವಾಡಿಗಿ ಹೇಳಿ ಕಳಿಸ್ಬೇಕು ಅಂದ್ವಿ. ಯಾರಿಗಿ ಹೇಳೋದು ತಿಳೀಲಿಲ್ಲ. ಆಕಿ ಅಲ್ಲಿ ಯಾರ ಮನ್ಯಾಗಿದ್ಲು ಅಂತ ನಮಗೇನ್ ಗೊತ್ತು?"

ನಾನು ಹೂಂ ಎಂದೆ. ಫೋನು ಇಟ್ಟೆ.

ಒಳಗೆ ಹೋದಾಗ ಮೂವರೂ ನನ್ನ ಮುಖ ನೋಡುತ್ತಿದ್ದರು. ಹೇಳಿದೆ. ಸೀನಿಯರ್ ಗಡಿಯಾರ ನೋಡಿಕೊಂಡು ಕಾರಿನ ಕಡೆ ನಡೆದರು. ಇನ್ನು ದಾವೆಯೇ ಎಂದು ಅವರಿಗೆ ತಿಳಿದಿತ್ತು. ಮಾಲೀಕ ಹೊಸ್ತಿಲ ಮೇಲೆ ಕೂತರು. ಬಾಡಿಗೆದಾರ ಒಳಗಿನಿಂದ ಒಂದು ತಂಬಿಗೆ ನೀರು ತಂದು ಅವರ ಕೈಗೆ ಕೊಟ್ಟ. ಅವರು ಕುಡಿದರು, ಅವನೂ ಪಕ್ಕದಲ್ಲೇ ಕೂತ.

"ಯಾವಾಗ್ರಿ?" ಎಂದು ಬಾಡಿಗೆದಾರ ಕೇಳಿದ.

ನನಗೆ ಗೊತ್ತಿರಲಿಲ್ಲ. ಎಲ್ಲರಿಗೂ ಅಡ್ಡಪ್ರಶ್ನೆ ಹಾಕುವವಳು, ಅದೊಂದನ್ನು ಕೇಳಿರಲಿಲ್ಲ.