ದೀಪದ ಪಕ್ಕದ ಬ್ಯಾಡ್ಜು

ಐವತ್ತರ ದಶಕದ ಕೊನೆಯಲ್ಲಿ ನಾನು ಬೊಂಬಾಯಿಯಲ್ಲಿ ಅಣುಶಕ್ತಿ ಇಂಜಿನಿಯರಿಂಗ್‌ನ ಸ್ನಾತಕೋತ್ತರ ಪದವಿಗೆ ಓದುತ್ತಿದ್ದೆ. ನಮ್ಮೂರು ಭೀಮನಬೀಡಿನಿಂದ ಅಷ್ಟು ದೂರ ಓದಲು ಹೋದವನು ನಾನೊಬ್ಬನೇ. ಆ ಜಂಬ ನನಗೆ ಸ್ವಲ್ಪ ಜಾಸ್ತಿಯೇ ಇತ್ತು. ಪ್ರಯೋಗಾಲಯದಲ್ಲಿ ಎದೆಗೆ ಸಿಕ್ಕಿಸಿಕೊಳ್ಳಲು ಒಂದು ಬ್ಯಾಡ್ಜು ಕೊಡುತ್ತಿದ್ದರು. ಮೈಗೆ ಎಷ್ಟು ವಿಕಿರಣ ತಗುಲಿತೆಂಬುದನ್ನು ಅದರೊಳಗಿನ ಫಿಲ್ಮು ಕಪ್ಪಾಗಿ ತೋರಿಸುತ್ತಿತ್ತು. ಹೊರಡುವಾಗ ಅದನ್ನು ಅಲ್ಲೇ ಬಿಟ್ಟು ಹೋಗಬೇಕೆಂಬ ನಿಯಮ. ರಜೆಗೆ ಊರಿಗೆ ಬರುವಾಗ ನಾನು ಬೇಕೆಂದೇ ಕೋಟಿಗೆ ಸಿಕ್ಕಿಸಿಕೊಂಡು ಬಂದೆ. ಗುಂಡ್ಲುಪೇಟೆಯಲ್ಲಿ ಬಸ್ಸಿಳಿದು, ಈರುಳ್ಳಿ ಮೂಟೆಗಳ ನಡುವೆ ಎದೆಯುಬ್ಬಿಸಿ ನಡೆದೆ. ಯಾರೂ ತಿರುಗಿ ನೋಡಲಿಲ್ಲ.

ಕೇಳಿದ್ದು ಅವ್ವ ಒಬ್ಬಳೇ. "ಅದೇನ್ಲಾ ಎದೆ ಮ್ಯಾಲೆ?"

ವಿವರಿಸಲು ಸೋಮಾರಿತನ. "ನನ್ ಮೈ ಕಾಯೋದು ಕಣವ್ವ" ಅಂದುಬಿಟ್ಟೆ.

ಎದೆಯ ಮೇಲೆ ಲಿಂಗ ಕಟ್ಟಿಕೊಳ್ಳುವ ಮನೆ ನಮ್ಮದು. ಮೈ ಕಾಯುವುದಕ್ಕೆ ಪೂಜೆಯಿಲ್ಲದಿದ್ದರೆ ಹೇಗೆ? ಅವ್ವ ಅದನ್ನು ಬಿಚ್ಚಿ, ವಿಭೂತಿ ಹಚ್ಚಿ, ದೇವರ ಗೂಡಿನಲ್ಲಿ ದೀಪದ ಪಕ್ಕಕ್ಕೇ ಇಟ್ಟಳು. ರಜೆ ಮುಗಿಯುವವರೆಗೂ ಅಲ್ಲೇ ಇತ್ತು. ನಾನೂ ನಕ್ಕು, ತೆಗೆಯದೆ ಬಿಟ್ಟೆ.

ವಾಪಸಾದ ಮೇಲೆ ಫಿಲ್ಮು ತೊಳೆದು ನೋಡಿದರೆ ಕಪ್ಪೋ ಕಪ್ಪು. ವಿಪರೀತ ವಿಕಿರಣ ತಗುಲಿದೆಯೆಂದು ನನ್ನನ್ನು ರಿಯಾಕ್ಟರಿನ ಹತ್ತಿರವೇ ಬಿಡಲಿಲ್ಲ. ಕೊನೆಯ ಪ್ರಯೋಗ ಮಾಡದಿದ್ದರೆ ಪದವಿಯೇ ಇಲ್ಲ. ಬ್ಯಾಡ್ಜನ್ನು ಎಲ್ಲಿಟ್ಟಿದ್ದೆ ಎಂದು ಪ್ರೊಫೆಸರು ಎಲ್ಲರೆದುರು ಕೇಳಿದರು. ಹಳ್ಳಿಗುಗ್ಗು ಎಂದುಕೊಂಡಾರೆಂದು ಹೆದರಿದೆ. ಒಂದು ಸುಳ್ಳು ನಾಲಿಗೆಯ ತುದಿಗೂ ಬಂತು. ಅವ್ವನ ವಿಷಯ ಹೇಳಲು ನಾಚುತ್ತಿದ್ದೇನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. "ನಮ್ಮ ತಾಯಿ ದೀಪದ ಮುಂದಿಟ್ಟು ಪೂಜೆ ಮಾಡಿದರು" ಎಂದೆ. ತಲೆಯೆತ್ತಿಯೇ ಹೇಳಿದೆ. ಆ ಹೆಮ್ಮೆ ಇವತ್ತಿಗೂ ಇದೆ.

ಯಾರೋ ಕಿಸಕ್ಕನೆ ನಕ್ಕರು. ಪ್ರೊಫೆಸರು ನಗಲಿಲ್ಲ, ಫಿಲ್ಮನ್ನು ಬೆಳಕಿಗೆ ಹಿಡಿದರು. ಬ್ಯಾಡ್ಜಿನೊಳಗೆ ಲೋಹದ ತುಂಡುಗಳಿರುತ್ತವೆ. ವಿಕಿರಣವಾಗಿದ್ದರೆ ಅವುಗಳ ನೆರಳು ಮೂಡಬೇಕಿತ್ತು. ಇಲ್ಲಿ ಎಲ್ಲ ಕಡೆ ಒಂದೇ ಸಮ ಕಪ್ಪು. ಬರೀ ದೀಪದ ಶಾಖ. ನಿಯಮ ಮುರಿದದ್ದಕ್ಕೆ ಚೆನ್ನಾಗಿ ಮಂಗಳಾರತಿ ಮಾಡಿ, ಪ್ರಯೋಗಕ್ಕೆ ಬಿಟ್ಟರು.

ಪದವಿ ಪತ್ರ ತಂದ ದಿನ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ಕೈ ತೊಳೆದು ಬಂದು, ಮೊದಲು ಗೂಡಿನ ದೀಪವನ್ನು ತೆಗೆದು ದೂರ ನೆಲದ ಮೇಲಿಟ್ಟಳು. ಆಮೇಲೆ ಪತ್ರವನ್ನು ದೇವರ ಪಕ್ಕ ನಿಲ್ಲಿಸಿದಳು.

"ದೇವ್ರು ಒಂದಿನ ಕತ್ಲಲ್ಲಿದ್ರೂ ಆಯ್ತದೆ. ನಿನ್ ಕಾಗ್ದಕ್ಕೆ ಬಿಸಿ ತಾಗ್ಬಾರ್ದು ಕಣ್ಲಾ."