ತೇಗಕ್ಕೆ ಬಳಿದ ಸುಣ್ಣ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು, ಕಾಫಿ ಕುಡಿದು ಎದ್ದುಹೋಗಿದ್ದೇನೆ. ಇವತ್ತು ಕಾಫಿಗೆ ಮುಂಚೆಯೇ ಬರೆಯುತ್ತೇನೆ.

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಎಷ್ಟೋ ರೈತರು ಹೊಲದಲ್ಲಿ ತೇಗ ನೆಟ್ಟಿದ್ದರು. ಆಮೇಲೇನು ಮಾಡಬೇಕೆಂಬುದು ಯಾರಿಗೂ ಗೊತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಸಸಿತೋಟದಲ್ಲಿ ದುಡಿದಿದ್ದ ನಾನು, ಬೆಳಗೊಳದ ಬಡಗಿಯೊಬ್ಬನನ್ನು ಕಟ್ಟಿಕೊಂಡು ಮರ ಬೆಳೆದವರ ಮನೆಬಾಗಿಲಿಗೆ ಹೋಗತೊಡಗಿದೆ. ರೆಂಬೆ ಸವರುವುದು, ಸುತ್ತಳತೆ ಹಿಡಿಯುವುದು, ಕಡಿಯಲು ಅನುಮತಿಯ ಕಾಗದ ಮಾಡಿಸುವುದು ಎಲ್ಲ ನಮ್ಮದೇ. ಮೊಪೆಡ್ಡಿನಲ್ಲಿ ಮುಂದೆ ನಾನು, ಹಿಂದೆ ಸುಣ್ಣದ ಡಬ್ಬಿ ತಬ್ಬಿಕೊಂಡ ಅವನು. ಪಾಂಡವಪುರದಿಂದ ನಾಗಮಂಗಲದವರೆಗೆ ನಮ್ಮನ್ನು ಮರದ ಡಾಕ್ಟರುಗಳು ಎನ್ನುತ್ತಿದ್ದರು. ನಿಜವಾದ ಡಾಕ್ಟರು ಅವನೇ. ಕೊಡಲಿಯ ಹಿಂಬದಿಯಿಂದ ಬುಡಕ್ಕೆ ತಟ್ಟಿ ಒಳಗಿನ ಪೊಳ್ಳು ಹೇಳುತ್ತಿದ್ದ. ಬಡಗಿಯ ಕಣ್ಣು ಒಳ್ಳೆಯ ಮರದ ಮೇಲೇ ಎಂಬ ಅನುಮಾನ ಊರೂರಲ್ಲೂ ಇತ್ತು. ಅದಕ್ಕೇ ಅವನು ಕಡಿದ ಮರದ ಒಂದು ಚಕ್ಕೆಯನ್ನೂ ಮನೆಗೆ ಒಯ್ಯುತ್ತಿರಲಿಲ್ಲ. ಹಾಗೆ ಗಳಿಸಿದ ನಂಬಿಕೆಯೇ ಅವನ ಬದುಕು.

ಶೀಳನೆರೆ ಕಡೆಯ ಒಬ್ಬ ಅಜ್ಜಿಯ ತೇಗ ತೀರಾ ಒತ್ತಾಗಿತ್ತು. ಕೆಲವು ಮರ ಕಡಿಯಬೇಕೆಂದೆ.

“ಬೆಳ್ದಿರೋ ಮರ ಕಡೀಬೇಕಾ? ನಿನ್ ಬಾಯ್ಗೆ ಮಣ್ಣಾಕ!”

“ರಾಗಿ ಪೈರು ಒತ್ತಾದ್ರೆ ಕಿತ್ತಾಕಕಿಲ್ವೇನವ್ವ? ಇದೂ ಅಂಗೇಯ,” ಎಂದ ಬಡಗಿ.

ಅಜ್ಜಿ ಒಪ್ಪಿ ಮುದ್ದೆ, ಉಪ್ಸಾರು ಬಡಿಸಿದರು. ಅಷ್ಟರಲ್ಲಿ ನಾವು ಕಡಿಯಬೇಕಾದ ಬಡಕಲು ಮರಗಳಿಗೆ ಗುರುತಿಗೆಂದು ಸುಣ್ಣದ ಪಟ್ಟಿ ಬಳಿದಿದ್ದೆವು.

“ಸುಣ್ಣ ಯಾಕ್ಲಾ?” ಎಂದರು.

ಬಾಯಲ್ಲಿ ತುತ್ತಿತ್ತು. “ಮರ ಚೆನ್ನಾಗ್ ಬರ್ಲಿ ಅಂತ ಕಣವ್ವ,” ಎಂದುಬಿಟ್ಟೆ. ಡಬ್ಬಿಯನ್ನು ಅಲ್ಲೇ ಮರೆತು ಬಂದೆ.

ಕಡಿಯುವ ದಿನ ನನಗೆ ನಾಗಮಂಗಲದಲ್ಲಿ ಬೀಗರೂಟ. ಬಡಗಿಯನ್ನು ಹೊಲದ ಬದುವಿನಲ್ಲಿ ಇಳಿಸಿದೆ. ಅವನು ಒಳಗೆ ಹೋಗಿ ತಟ್ಟಿ ನೋಡಿ ಓಡಿಬಂದ.

“ನಾಕು ಮರ ನಾವು ಬಳ್ದಿದ್ದಲ್ಲ ಕಣ್ಲಾ. ತಟ್ಟಿದ್ರೆ ಗಂಟೆ ಅಂಗೆ ನುಡೀತವೆ. ಬಂದು ನೋಡು.”

“ಸುಣ್ಣ ಐತಾ? ಕಡಿ. ಊಟಕ್ಕೆ ಒತ್ತಾಯ್ತದೆ,” ಎಂದೆ. ಇಂಜಿನ್ನನ್ನೂ ನಿಲ್ಲಿಸಲಿಲ್ಲ.

ಮಧ್ಯಾಹ್ನ ತೇಗುತ್ತಾ ಬಂದರೆ, ಉರುಳಿದ ನಾಲ್ಕು ಚಿನ್ನದಂಥ ಮರಗಳ ಸುತ್ತ ಜನ. ಅಜ್ಜಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು.

“ಆಚಾರಿಗೆ ತೊಲೆ ಬೇಕಾಗಿತ್ತು ಅಂತ ಕಾಣ್ತದೆ,” ಎಂದರು ಯಾರೋ.

ಎಲ್ಲರೂ ನನ್ನ ಕಡೆ ತಿರುಗಿದರು. “ನಾನೇ ಕಡಿ ಅಂದೆ” ಎಂದಿದ್ದರೆ ಮುಗಿಯುತ್ತಿತ್ತು. “ನಾನು ಸರಿಯಾಗೇ ಹೇಳಿದ್ದೆ,” ಎಂದೆ.

ಅವನು ಕೊಡಲಿ ಹೆಗಲಿಗೇರಿಸಿ ನನ್ನನ್ನೇ ನೋಡಿದ. “ಬಾಡೂಟ ಚೆನ್ನಾಗಿತ್ತೇನಪ್ಪ?” ಎಂದು ಕೇಳಿ ಬಸ್ಸಿಗೆ ನಡೆದ.

ವಾರದ ಮೇಲೆ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದರು. “ಸುಣ್ಣ ಬಳುದ್ರೆ ಚೆನ್ನಾಗ್ ಬತ್ತವೆ ಅಂದ್ಯಲ್ಲ, ಅದ್ಕೇ ಒಳ್ಳೇ ಮರುಕ್ಕೆ ನಾನೇ ಬಳ್ದೆ ಕಣ್ಲಾ. ಯಾರ್ಗೂ ಏಳ್ಬ್ಯಾಡ, ಆಡ್ಕೊಂಡು ನಗ್ತಾರೆ.” ಸುಣ್ಣದ ಸುಳ್ಳೂ ನನ್ನದೇ, ಕಡಿ ಎಂದವನೂ ನಾನೇ ಎಂದು ಕಾಲಿಗೆ ಬಿದ್ದು ತಪ್ಪೊಪ್ಪಿಕೊಂಡೆ. ಗುಟ್ಟು ಕಾಪಾಡುವುದಾಗಿ ಮಾತನ್ನೂ ಕೊಟ್ಟೆ. ನನಗೂ ಅದೇ ಬೇಕಾಗಿತ್ತಲ್ಲ! ಉಳಿದ ಮರಗಳು ದಪ್ಪಗಾದವು. ಅಜ್ಜಿ ಕಂಡಕಂಡವರಿಗೆ ನನ್ನ ಹೆಸರು ಹೇಳಿ ಕಳಿಸಿದರು, ಕೈತುಂಬ ಕೆಲಸ ಬಂತು. ಗುರುತಿಗೆ ಸುಣ್ಣ ಬಿಟ್ಟು ತೆಂಗಿನ ನಾರಿನ ಹಗ್ಗ ಕಟ್ಟತೊಡಗಿದೆ. ಬಡಗಿಯನ್ನು ಮಾತ್ರ ಯಾರೂ ಮರದ ಕೆಲಸಕ್ಕೆ ಕರೆಯಲಿಲ್ಲ.

ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಆಗಾಗ ಸಿಗುತ್ತಿದ್ದ. “ಬಾರ್ಲಾ ಡಾಕ್ಟ್ರೇ,” ಎಂದು ನಗುತ್ತಾ ಅವನೇ ಕಾಫಿ ಕೊಡಿಸುತ್ತಿದ್ದ. ನಾನು ಮಳೆಯ ವಿಚಾರ ಮಾತಾಡಿ ಬರುತ್ತಿದ್ದೆ. ಅಜ್ಜಿಗೆ ತಪ್ಪಾಯಿತೆಂದೆ, ದೇವರಿಗೂ ಅಂದೆ. ಅನ್ನದೆ ಉಳಿದದ್ದು ಒಬ್ಬನಿಗೇ: ಸುಣ್ಣದ ಡಬ್ಬಿ ಹಿಡಿದು ನನ್ನ ಹಿಂದೆ ಕೂರುತ್ತಿದ್ದ ಬೆಳಗೊಳದ ಬಡಗಿಗೆ.