ಹಿಂದೆ ಬರುವವನಿಗಾಗಿ ಒಂದು ಕೆಂಪು ದೀಪ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೆದ್ದಾರಿಯಿಂದ ಕವಲೊಡೆದ ಮಣ್ಣುದಾರಿಯ ಬದಿಯಲ್ಲಿ, ಹೊಲ ಮುಗಿದು ತಗಡಿನ ಶೆಡ್ಡು ಶುರುವಾಗುವಲ್ಲಿ, ಆಲೂಗಡ್ಡೆ ಮೂಟೆ ಹೇರಿದ ಹಳೆಯ ಲಾರಿಯೊಂದು ಶೆಡ್ಡಿಗೆ ಬೆನ್ನು ಹಾಕಿ ನಿಂತಿದೆ. ಹಿಂದಿನ ಚಕ್ರಗಳ ನಡುವೆ ಗೋಣಿತಾಟು ಹಾಸಿಕೊಂಡು ಮಲಗಿದ ಹೆಂಗಸಿನ ಪಾದಗಳಷ್ಟೇ ಹೊರಗೆ ಕಾಣುತ್ತವೆ.

“ಬ್ರೇಕ್ ಒತ್ತು” ಎನ್ನುತ್ತದೆ ಲಾರಿಯ ಅಡಿಯ ದನಿ.

ಮೇಲೆ ಕೂತ ಚಾಲಕ ಒತ್ತುತ್ತಾನೆ. ಶೆಡ್ಡಿನ ತಗಡಿನ ಮೇಲೆ ಬಿದ್ದ ಕೆಂಪನ್ನು ಕನ್ನಡಿಯಲ್ಲಿ ನೋಡಿ, “ಉರೀತಲ್ಲಕ್ಕ! ನಾನು ಹೇಳ್ಲಿಲ್ವಾ?” ಎನ್ನುತ್ತಾನೆ.

“ನೀನು ಹೇಳಿದ್ದು ಕೇಳಿಸ್ತು. ಲಾರಿ ಏನು ಹೇಳುತ್ತೆ ಅಂತ ಇನ್ನೂ ಕೇಳಿಸಿಲ್ಲ. ಕಾಲು ತೆಗೀಬೇಡ.”

ಇವರನ್ನು ಈ ದಾರಿಯ ಚಾಲಕರೆಲ್ಲ ವೈರಕ್ಕ ಎನ್ನುತ್ತಾರೆ. ವಯಸ್ಸು ಐವತ್ತು ದಾಟಿದೆ. ಸೀರೆಯ ಮೇಲೆ ಗಂಡನ ಹಳೆಯ ಅಂಗಿ, ತಲೆಗೆ ಬಿಗಿದ ಬಟ್ಟೆ. ಲಾರಿಗಳ ದೀಪದ ವೈರಿಂಗ್ ಸರಿಪಡಿಸುವುದೇ ಇವರ ಕಸುಬು. ಸುಲಭದ ಕೆಲಸವಾದರೆ ದಿನಕ್ಕೆ ಮೂರು ನಾಲ್ಕು ಗಾಡಿ ಮುಗಿಯುತ್ತವೆ. ಇಂಥ ಹಳೆಯ ಗಾಡಿ ಬಂದರೆ ಆ ದಿನ ಅದೊಂದೇ.

ಇವತ್ತಿನದು ಬರೀ ದೀಪದ ಪ್ರಶ್ನೆಯಲ್ಲ. ಮೇಲೆ ಕೂತವನು ಅಣ್ಣ. ಆಚೆ ನಿಲ್ಲಿಸಿದ ಎರಡನೆಯ ಲಾರಿಯ ಮೆಟ್ಟಿಲ ಮೇಲೆ ಮುಖ ತಿರುಗಿಸಿ ಕೂತವನು ತಮ್ಮ. ಎರಡೂ ಲಾರಿ ಅಣ್ಣನವೇ. ವರ್ಷಗಳಿಂದ ಒಂದರ ಹಿಂದೆ ಒಂದು ಓಡಿದವು. ಮೊನ್ನೆ ಮುಂಜಾನೆ ಮಂಜಿನಲ್ಲಿ, ಇಳಿಜಾರಿನಲ್ಲಿ, ಅಣ್ಣ ಎಡಕ್ಕೆ ಸಿಗ್ನಲ್ ಹಾಕಿ ಬ್ರೇಕ್ ಒತ್ತಿದ. ಹಿಂದಿದ್ದ ತಮ್ಮ ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಎಳೆದ. ಅವನ ಲಾರಿಯ ಕನ್ನಡಿ ಕಿತ್ತುಹೋಯಿತು, ಜೀವ ಉಳಿಯಿತು. “ದೀಪ ಬರಲೇ ಇಲ್ಲ” ಎನ್ನುತ್ತಾನೆ ತಮ್ಮ. “ನಿದ್ದೆ ಹೊಡೀತಿದ್ದ” ಎನ್ನುತ್ತಾನೆ ಅಣ್ಣ. ದೀಪದಲ್ಲಿ ತಪ್ಪು ಸಿಗದಿದ್ದರೆ ತಮ್ಮನ ಕೈಯಿಂದ ಕೀಲಿ ಕಿತ್ತುಕೊಂಡು ಬೇರೆಯವನನ್ನು ಕೂರಿಸುವುದಾಗಿ ಅವನು ಆಗಲೇ ಸಾರಿಬಿಟ್ಟಿದ್ದಾನೆ. ದಾರಿಯಲ್ಲಿ ಬೇರೆ ಕಡೆ ಬಲ್ಬು, ಹೋಲ್ಡರು, ಬ್ರೇಕಿನ ಸ್ವಿಚ್ಚು ಎಲ್ಲ ಬದಲಾಗಿವೆ. ಒತ್ತಿದಾಗಲೆಲ್ಲ ದೀಪ ಉರಿದಿದೆ. ಉರಿದಾಗಲೆಲ್ಲ ತಮ್ಮನ ಮುಖ ಇನ್ನಷ್ಟು ಸಣ್ಣದಾಗಿದೆ.

ಪಕ್ಕದಲ್ಲಿ ಟಾರ್ಪಾಲು ಹೊಲಿಯುತ್ತ ಕೂತವರು ವೈರಕ್ಕನ ಗಂಡ. ಹೊಸಬರು ಬಂದರೆ ನೇರ ಇವರ ಬಳಿ ಹೋಗಿ “ಮೇಸ್ತ್ರಿ, ಲೈಟು ನೋಡಿ” ಎನ್ನುತ್ತಾರಂತೆ. “ನಂಗೆ ಸೂಜಿ ಬಿಟ್ಟು ಏನೂ ಗೊತ್ತಿಲ್ಲ ಸ್ವಾಮಿ. ಲಾರಿ ಹರಿದಿದ್ರೆ ಹೇಳಿ, ಹೊಲಿದುಕೊಡ್ತೀನಿ ಅಂತೀನಿ” ಎಂದು ನಗುತ್ತಾರೆ.

ವೈರಕ್ಕನಿಗೆ ಕಸುಬು ಕಲಿಸಿದ್ದು ಸೋದರಮಾವ. ಅವರ ಕಣ್ಣು ಮಂಜಾದಾಗ ಊಟದ ಬುತ್ತಿ ತರುತ್ತಿದ್ದ ಈ ಸೋದರಸೊಸೆಯೇ ಕಣ್ಣಾದಳು. “ಮಾವ ಕೇಳೋರು, ಯಾವ ಬಣ್ಣದ ವೈರು ಅಂತ. ಹಳೇ ಗಾಡೀಲಿ ಬಣ್ಣ ಎಲ್ಲಿರುತ್ತೆ? ಎಲ್ಲಾ ಮಣ್ಣಿನ ಬಣ್ಣವೇ. ಹಾಗಾದ್ರೆ ಕೈಯಲ್ಲಿ ಹಿಡ್ಕೊಂಡು ಹೋಗು, ಅದೆಲ್ಲಿ ಬಿಡುತ್ತೋ ಅಲ್ಲಿ ನಂಗೆ ಹೇಳು ಅನ್ನೋರು.” ಹಾಗೆ ಹಿಡಿದ ವೈರನ್ನು ಅವರು ಇವತ್ತಿಗೂ ಬಿಟ್ಟಿಲ್ಲ. ಮಲಗಿ ಕೈ ಎತ್ತಿ ಎತ್ತಿ ಬಲಭುಜ ಹಿಡಿದುಕೊಂಡಿದೆ. ತಲೆ ಬಾಚಲು ಎಡಗೈ ಬೇಕು.

ಬಿಸಿಲು ಹೊಲಕ್ಕೆ ಇಳಿಯುತ್ತಿದೆ. “ಬಿಡಕ್ಕ, ದೀಪ ಸರಿಯಾಗೇ ಇದೆ. ಮಧ್ಯಾಹ್ನದೊಳಗೆ ಇಳಿಜಾರು ದಾಟ್ಬೇಕು” ಎಂದು ಅಣ್ಣ ಕೆಳಗಿಳಿಯುತ್ತಾನೆ.

“ಹತ್ತಿ ಕೂತ್ಕೋ” ಎನ್ನುತ್ತಾರೆ ವೈರಕ್ಕ, ಅಡಿಯಿಂದಲೇ. “ಅವತ್ತು ಮಂಜಿತ್ತು ಅಂದೆ. ದೊಡ್ಡ ಲೈಟು ಹಾಕಿದ್ದೆ ತಾನೇ? ಹಾಕು. ಎಡಗಡೆ ಸಿಗ್ನಲ್ ಹಾಕು. ಈಗ ಒತ್ತು ಬ್ರೇಕು.”

ಈ ಸಲ ತಗಡಿನ ಮೇಲಿನ ಕೆಂಪು ಮಂಕಾಗಿದೆ. ಬೂದಿಯೊಳಗಿನ ಕೆಂಡದಷ್ಟು ಉಳಿದು, ಸಿಗ್ನಲ್ ಮಿಟುಕಿದಂತೆಲ್ಲ ಅದೂ ಮಿಟುಕುತ್ತದೆ. ಬ್ರೇಕ್ ಒತ್ತಿದ್ದಕ್ಕೂ ಬಿಟ್ಟಿದ್ದಕ್ಕೂ ವ್ಯತ್ಯಾಸವೇ ಇಲ್ಲ. ಅಣ್ಣ ಕನ್ನಡಿಯಿಂದ ಕಣ್ಣು ಕೀಳುವುದಿಲ್ಲ. ಆಚೆ ಮೆಟ್ಟಿಲಿನಿಂದ ತಮ್ಮ ಎದ್ದು ನಿಂತಿದ್ದಾನೆ.

ವೈರಕ್ಕ ಬ್ಯಾಟರಿಯ ಮೈನಸ್ ತುದಿಯಿಂದ ಉದ್ದದ ವೈರೊಂದನ್ನು ಎಳೆದು ತಂದು ದೀಪದ ಹೋಲ್ಡರಿನ ಲೋಹಕ್ಕೆ ಮುಟ್ಟಿಸುತ್ತಾರೆ. ಕೆಂಪು ಭಗ್ಗನೆ ಏಳುತ್ತದೆ. ತೆಗೆದರೆ ಮತ್ತೆ ಕೆಂಡ.

“ಗದ್ದೆಗೆ ನೀರು ಬಂದ್ರೆ ಸಾಕಾ? ಹೊರಗೆ ಹೋಗೋಕೆ ತೂಬು ಬೇಡ್ವಾ?” ಎಂದು ಅವರು ವಿವರಿಸುತ್ತಾರೆ. ಕರೆಂಟು ವೈರಿನಲ್ಲಿ ದೀಪಕ್ಕೆ ಬರುತ್ತದೆ. ವಾಪಸು ಹೋಗುವುದು ಲಾರಿಯ ಕಬ್ಬಿಣದ ಮೈಯಿಂದಲೇ. ಆ ದಾರಿಗೆ ಅರ್ತ್ ಎನ್ನುತ್ತಾರೆ. ಒಂದೇ ದೀಪವಾದರೆ ಹೇಗೋ ನುಸುಳಿ ಹೋಗುತ್ತದೆ. ದೊಡ್ಡ ಲೈಟಿನ ಜೊತೆ ಹತ್ತುವ ಹಿಂದಿನ ದೀಪ, ಸಿಗ್ನಲ್, ಬ್ರೇಕು ಎಲ್ಲವೂ ಒಟ್ಟಿಗೆ ಹೊರಟರೆ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತವೆ.

ಅವರ ಬೆರಳು ಆ ಬಾಗಿಲನ್ನು ಹುಡುಕಿಕೊಂಡು ಹೋಗಿ, ಹಿಂದಿನ ಅಡ್ಡಪಟ್ಟಿಯ ಒಂದು ಬೋಲ್ಟಿನ ಬಳಿ ನಿಲ್ಲುತ್ತದೆ. ಬೋಲ್ಟಿನ ಸುತ್ತ ಹೊಚ್ಚಹೊಸ ನೀಲಿ ಬಣ್ಣ ಮಿರಿಮಿರಿ ಮಿಂಚುತ್ತಿದೆ.

“ಬಣ್ಣ ಹೊಡೆದೋರು ಯಾರಪ್ಪ?”

ಅಣ್ಣನ ದನಿ ಇಳಿಯುತ್ತದೆ. “ನಾನೇ ಅಕ್ಕ. ಹೋದ ತಿಂಗಳು. ಅಡಿಗೆಲ್ಲ ಎರಡು ಕೋಟು ಹೊಡೆದೆ, ತುಕ್ಕು ಹಿಡೀಬಾರ್ದು ಅಂತ.”

“ಚೆನ್ನಾಗೇ ಹೊಡ್ದಿದೀಯ. ಅರ್ತ್ ವೈರು ಬಿಚ್ಚಿ, ಬಣ್ಣ ಬಳಿದು, ಬಣ್ಣದ ಮೇಲೇ ವಾಪಸ್ ಬಿಗಿದಿದೀಯ. ಕಬ್ಬಿಣ ಮುಟ್ಟಬೇಕಾದ್ದು ಬಣ್ಣ ಮುಟ್ಕೊಂಡು ಕೂತಿದೆ.” ಬೋಲ್ಟು ಬಿಚ್ಚುತ್ತ ಹೇಳುತ್ತಾರೆ, “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ನೀನು ಬಲ್ಬಿಗೂ ಹಾಕಿದೆ, ತಮ್ಮನಿಗೂ ಹಾಕಿದೆ.”

ಅವರು ಬಣ್ಣ ಹೆರೆಯತೊಡಗುತ್ತಾರೆ. ತನ್ನದೇ ಚರ್ಮ ಸುಲಿದಂತೆ ಅಣ್ಣ ಮುಖ ಕಿವುಚುತ್ತಾನೆ. ಬಿಳಿ ಕಬ್ಬಿಣ ಹೊಳೆಯುವವರೆಗೂ ಕೈಯಲ್ಲಿನ ಅರ ನಿಲ್ಲುವುದಿಲ್ಲ. ವೈರಿನ ಹಳೆಯ ತುದಿ ಕತ್ತರಿಸಿ, ಹೊಸ ಕೊಂಡಿ ಕೂರಿಸಿ, ಬಿಗಿದು, ಮೇಲೆ ಗ್ರೀಸು ಸವರುತ್ತಾರೆ. ಎಲ್ಲ ದೀಪ ಹಾಕಿಸಿ ಮತ್ತೆ ಬ್ರೇಕ್ ಒತ್ತಿಸಿದಾಗ ಇಡೀ ತಗಡು ಕೆಂಪಾಗುತ್ತದೆ. ಅಣ್ಣ ತಮ್ಮನ ಕಡೆ ನೋಡದೆ, ಸ್ಟೇರಿಂಗ್ ಚಕ್ರಕ್ಕೆ ಹೇಳುವಂತೆ ಹೇಳುತ್ತಾನೆ: “ನನ್ನ ಹಿಂದೇನೇ ಬಾರೋ.”

“ನೀನು ಮುಂದೆ ನಿದ್ದೆ ಹೊಡೀಬೇಡ ಮತ್ತೆ” ಎನ್ನುತ್ತಾನೆ ತಮ್ಮ.

ಏನಾದರೂ ಆಸೆ ಇದೆಯೇ ಎಂದು ನಾನು ಕೇಳಿದರೆ ವೈರಕ್ಕ ನೆಲ ತೋರಿಸುತ್ತಾರೆ. “ಇಲ್ಲೊಂದು ಲಾರಿ ಉದ್ದ ಸಿಮೆಂಟು ಹಾಕಿಸ್ಬೇಕು. ಈ ಕಲ್ಲುಗಳಿಗೆಲ್ಲ ನನ್ನ ಬೆನ್ನು ಗುರುತು ಸಿಕ್ಕಿಬಿಟ್ಟಿದೆ.”

ಲಾರಿಗಳು ಹೊರಡುತ್ತವೆ. ವೈರಕ್ಕ ದಾರಿಯ ಅಂಚಿಗೆ ಬಂದು ನಿಲ್ಲುತ್ತಾರೆ. ತಾವು ಸರಿಪಡಿಸಿದ ದೀಪ ಅವರಿಗೆ ಕಾಣುವುದಿಲ್ಲ. ತಮ್ಮನ ಲಾರಿ ನಡುವೆ ಅಡ್ಡ ಬಂದಿದೆ. ಹೆದ್ದಾರಿ ಸೇರುವ ತಿರುವಿನಲ್ಲಿ ತಮ್ಮನ ಲಾರಿಯ ಬೆನ್ನು ಕೆಂಪಾಗುತ್ತದೆ.

“ನೋಡಿ, ಅಣ್ಣ ಬ್ರೇಕ್ ಹಾಕ್ದ” ಎನ್ನುತ್ತಾರೆ ಕೈ ಒರೆಸಿಕೊಳ್ಳುತ್ತ. “ಚಿಕ್ಕೋನಿಗೆ ಕಾಣಿಸ್ತು.”